ಶುಕ್ರವಾರ ಹತ್ತಿ ಭಾನುವಾರ ಇಳಿದದ್ದು

ಕಳೆದ ಡಿಸೆಂಬರಿನಲ್ಲಿ ಮಗನ ಮನೆಗೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ, ನನ್ನ ಟಿಕೆಟ್ಟನ್ನು ಕನ್ನಡಕದ ಮೇಲಿಂದಲೂ ಒಳಗಿಂದಲೂ ಪರೀಕ್ಷಿಸಿದ ಚಿಕ್ಕಪ್ಪ, "ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5ಕ್ಕೆ ಅಮೆರಿಕವೇ? ಹಾಸನದ ಬಸ್ಸಿಗೂ ಇಷ್ಟು ಅವಸರವಿಲ್ಲ" ಎಂದು ಮೂಗಿನ ಮೇಲೆ ಬೆರಳಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟ ನಾನು ಸುಮ್ಮನಿರಲಾದೀತೇ? ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುವುದರಿಂದ ನಿಜವಾದ ಪ್ರಯಾಣ ಹದಿನಾರೂವರೆ ಗಂಟೆಯದೆಂದು ಕಾಗದದ ಮೇಲೆ ಬರೆದು ತೋರಿಸಿದೆ.

ಅಷ್ಟಕ್ಕೆ ನಿಲ್ಲಿಸದೆ, ಮೊಮ್ಮಗಳ 30 ಸೆಂಟಿಮೀಟರ್ ವ್ಯಾಸದ ಭೂಗೋಳದ ಮೇಲೆ ಹೂ ಕಟ್ಟುವ ದಾರವನ್ನು ಬಿಗಿಯಾಗಿ ಎಳೆದೆ. ಗೋಡೆಯ ನಕಾಶೆಯಲ್ಲಿ ಎಲ್ಲೋ ದೂರದಲ್ಲಿರುವ ಊರು ಇಲ್ಲಿ ಒಂದೂವರೆ ಗೇಣಿಗೆ ಸಿಕ್ಕಿತು. ಅಂದರೆ ಸುಮಾರು 14,000 ಕಿಲೋಮೀಟರ್. ದಾರ ಮಾತ್ರ ಚೀನಾ, ಸೈಬೀರಿಯಾಗಳನ್ನು ಹಾದು, ಆರ್ಕ್ಟಿಕ್ ವೃತ್ತದೊಳಗೆ ತಲೆ ಹಾಕಿ, ಅಲಾಸ್ಕದ ಕಡೆಯಿಂದ ಇಳಿಯುತ್ತಿತ್ತು. ಅದನ್ನು ನಂಬಿ ಎರಡು ಸ್ವೆಟರ್, ಒಂದು ಮಂಕಿ ಕ್ಯಾಪ್ ಧರಿಸಿ ವಿಮಾನ ಹತ್ತಿದೆ. ಪೈಲಟ್ ಮಹಾಶಯರು, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹಿಂದಿನಿಂದ ನೂಕುವುದಾದರೆ ಸುತ್ತು ದಾರಿಯೂ ಲಾಭವೆಂದೋ ಏನೋ, ಪೆಸಿಫಿಕ್ ಸಾಗರದ ಮೇಲೆ ಹೋದರು. ಹಿಮಕರಡಿಯ ನಾಡು ಕಾಣಲಿಲ್ಲ. ಪಕ್ಕದ ಸೀಟಿನ ಮಗು ಮಾತ್ರ ದಾರಿಯುದ್ದಕ್ಕೂ ನನ್ನನ್ನೇ ಕರಡಿಯಂತೆ ನೋಡಿತು.

ಎಡವಟ್ಟಾದದ್ದು ಹಿಂದಿರುಗುವಾಗ. ಶುಕ್ರವಾರ ರಾತ್ರಿ 8.30ಕ್ಕೆ ವಿಮಾನ, ಎದುರು ಗಾಳಿಯ ದೆಸೆಯಿಂದ ಒಂದು ಗಂಟೆ ಹೆಚ್ಚು ಹಿಡಿದು, ಒಟ್ಟು ಹದಿನೇಳೂವರೆ ಗಂಟೆ. ಗಾಳಿಯನ್ನು ಕೂಡ ಲೆಕ್ಕಕ್ಕೆ ಹಿಡಿದ ಹೆಮ್ಮೆಯಲ್ಲಿ, ಹೋಗುವಾಗ ಉಳಿಸಿದ ಹದಿಮೂರೂವರೆ ಗಂಟೆಯನ್ನು ಬರುವಾಗ ತೆರಬೇಕೆಂಬುದನ್ನೇ ಮರೆತು, ಶನಿವಾರ ಮಧ್ಯಾಹ್ನ 2ಕ್ಕೆ ದೇವನಹಳ್ಳಿಗೆ ಕಾರು ತರಲು ಭಾವಮೈದುನನಿಗೆ ಸಂದೇಶ ಕಳುಹಿಸಿದೆ. ಟಿಕೆಟ್ಟಿನಲ್ಲಿ ಭಾನುವಾರ ಬೆಳಗಿನ ಜಾವ 3.30 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆದರೆ ಸ್ವಂತ ಲೆಕ್ಕವಿರುವವನು ಟಿಕೆಟ್ ಏಕೆ ಓದಿಯಾನು?

ಜಯನಗರದಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಬಂದ ಪುಣ್ಯಾತ್ಮ, ಹೊರಬರುವ ಪ್ರತಿ ಬಿಳಿ ಮೀಸೆಯನ್ನೂ ನಾನೆಂದು ಭಾವಿಸಿ ಕೈ ಬೀಸುತ್ತಿದ್ದ ಹೊತ್ತಿಗೆ, ನಾನು ವಿಮಾನ ಹತ್ತಿ ನಾಲ್ಕೇ ಗಂಟೆಯಾಗಿ, ಅರ್ಧ ಭೂಮಿಯಾಚೆ ಬಾಯಿ ತೆರೆದು ನಿದ್ರಿಸುತ್ತಿದ್ದೆ. ಮೂರು ಕಾಫಿ, ಒಂದು ಮಸಾಲೆ ದೋಸೆ ಮತ್ತು ಪಾರ್ಕಿಂಗ್ ಶುಲ್ಕದ ನಂತರ ಅವನು ಬರಿಗೈಯಲ್ಲಿ ಮನೆಗೆ ಮರಳಿದನಂತೆ.

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ, ಸೂಟ್‌ಕೇಸಿನ ಮೇಲೆ ಕುಳಿತು ಅವನಿಗೆ ಫೋನ್ ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿಕೊಂಡು, ನಿದ್ದೆಗಣ್ಣಿನ ದನಿಯಲ್ಲಿ ಕೇಳಿದ: "ಭಾವ, ಮೊದಲು ಇವತ್ತು ಯಾವ ವಾರ ಹೇಳಿ."