ನಿಮ್ಮ ಪಿಎಚ್ ಎಷ್ಟು ಸ್ವಾಮಿ?

ಪಿಎಚ್ ಅಂದ್ರೆ ಆಮ್ಲ-ಕ್ಷಾರದ ಅಳತೆ: 7ಕ್ಕಿಂತ ಕಡಿಮೆಯಾದರೆ ಆಮ್ಲ (ಅಸಿಡಿಕ್), ಹೆಚ್ಚಾದರೆ ಕ್ಷಾರ (ಅಲ್ಕಲೈನ್). ನೀರಿನ ಮೆಷಿನ್ ಮಾರುವವರ ಮಂತ್ರ ಒಂದೇ: ನಿಮ್ಮ ಬಾಡಿ ಅಸಿಡಿಕ್ ಆಗಿದೆ. ಪರೀಕ್ಷೆ ಏನೂ ಬೇಡ, ಆಗಿದೆ ಅಂದ್ರೆ ಆಗಿದೆ. ಮಂಡಿನೋವಾ? ಅಸಿಡಿಕ್. ಕೂದಲು ಉದುರ್ತಿದೆಯಾ? ಅಸಿಡಿಕ್. ಇದು ಹೊಸ ಕಾಲದ ಸಾಡೇಸಾತಿ. ಹಳೇ ಶನಿ ಎಳ್ಳೆಣ್ಣೆ ದೀಪಕ್ಕೆ ಸಮಾಧಾನವಾಗುತ್ತಿದ್ದ. ಈ ಶನಿಗೆ ಲಕ್ಷ ರೂಪಾಯಿ ದಾಟಿದ, ಕುಡಿಯುವ ನೀರನ್ನು ಕ್ಷಾರ ಮಾಡುವ ಅಲ್ಕಲೈನ್ ಮೆಷಿನ್ನೇ ಬೇಕು.

ಇದರ ಡೆಮೊ ನಡೆಯುವುದು ಭಾನುವಾರ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ಟೈ ಕಟ್ಟಿದ ಹುಡುಗ ಮೂರು ಗ್ಲಾಸ್ ಇಡುತ್ತಾನೆ: ನಲ್ಲಿ ನೀರು, ಆರ್‌ಒ ನೀರು, ಮೆಷಿನ್ ನೀರು. ಪಿಎಚ್ ತೋರಿಸುವ ಬಣ್ಣ ಎರಡೆರಡು ಹನಿ ಹಾಕುತ್ತಾನೆ. ಮೆಷಿನ್ ನೀರು ನೇರಳೆಯಾಗುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಅಡಿಗೆ ಸೋಡಾ ಕದಡಿದ ನೀರೂ ಬಣ್ಣ ಬದಲಿಸುತ್ತದೆ. ಆದರೆ ಅದಕ್ಕೆ ಇಎಂಐ ಇಲ್ಲವಲ್ಲ, ಯಾರೂ ಚಪ್ಪಾಳೆ ಹೊಡೆಯುವುದಿಲ್ಲ.

ಆಮೇಲೆ ಕರೆಂಟಿನ ಆಟ. ನಲ್ಲಿ ನೀರಿಗೆ ಎರಡು ಕಡ್ಡಿ ಇಳಿಬಿಟ್ಟು ಸ್ವಿಚ್ ಒತ್ತುತ್ತಾನೆ. ನಿಮಿಷದಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಕಟ್ಟುತ್ತದೆ. "ದಿನಾ ನೀವು ಕುಡಿಯೋದು ಇದನ್ನೇ ಮೇಡಂ!" ಮುಂದಿನ ಸಾಲಿನಲ್ಲಿ ಒಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಆ ಬಣ್ಣ ನೀರಿನದಲ್ಲ, ಕಬ್ಬಿಣದ ಕಡ್ಡಿಯದು. ಕಡ್ಡಿ ಕರಗಿ ತುಕ್ಕಾಗುತ್ತದೆ, ಅಷ್ಟೇ. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತದೆ. ಆರ್‌ಒ ನೀರಿನಲ್ಲಿ ಲವಣ ಹೆಚ್ಚಿಲ್ಲದ್ದಕ್ಕೇ ಕಡ್ಡಿ ಇಳಿಬಿಟ್ಟರೂ ಅದು ತಣ್ಣಗೆ ಕೂತಿರುತ್ತದೆ. ಅದೇ ಕಡ್ಡಿಯನ್ನು ಅವನ ಮೆಷಿನ್ನಿನ ಮಿನರಲ್ ನೀರಿಗೂ ಅದ್ದಪ್ಪಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಈ ಮಿನರಲ್ ಕಥೆಯೂ ಚೆನ್ನಾಗಿದೆ. ಮೊದಲು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಲೆಕ್ಕ) ಜಾಸ್ತಿ ಅಂತ ಹೆದರಿಸಿ ಆರ್‌ಒ ಮಾರಿದರು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೋಸಿ ಚರಂಡಿಗೆ ಬಿಟ್ಟಿತು. ಈಗ ಅದೇ ಕ್ಯಾಲ್ಸಿಯಂ, ಅದೇ ಮೆಗ್ನೀಸಿಯಂ ಕಾರ್ಟ್ರಿಡ್ಜ್ ವೇಷದಲ್ಲಿ ವಾಪಸ್ ಬಂದಿದೆ, ಜೊತೆಗೆ ವರ್ಷದ ಸರ್ವಿಸ್ ಕಾಂಟ್ರಾಕ್ಟ್.

ಇಷ್ಟು ಖರ್ಚು ಮಾಡಿ ಕುಡಿದ ನೀರು ಎಲ್ಲಿಗೆ ಹೋಗುತ್ತದೆ? ನೇರ ಹೊಟ್ಟೆಗೆ. ಅಲ್ಲಿ ಪಿಎಚ್ 2ರ ಆಸುಪಾಸಿನ ಆಸಿಡ್ ಕಾದಿರುತ್ತದೆ. ಇನ್ನು ರಕ್ತದ ಪಿಎಚ್ 7.35ರಿಂದ 7.45. ಅದನ್ನು ಅಲ್ಲೇ ಹಿಡಿದಿಡುವುದು ಶ್ವಾಸಕೋಶ ಮತ್ತು ಕಿಡ್ನಿ. ಪ್ರತಿ ಉಸಿರಲ್ಲೂ ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕುತ್ತಲೇ ಇದ್ದೀರಿ, ಪುಕ್ಕಟೆ. ಮೂತ್ರಕ್ಕೆ ಪಿಎಚ್ ಪಟ್ಟಿ ಅದ್ದಿ, ಪಟ್ಟಿಯ ಬಣ್ಣ ನೋಡಿ ಗಾಬರಿಯಾಗುವವರಿದ್ದಾರೆ. ಮೂತ್ರದ ಪಿಎಚ್ ಬದಲಾದರೆ ಕಿಡ್ನಿ ಕೆಲಸ ಮಾಡ್ತಿದೆ ಅಂತ ಅರ್ಥ, ಮಾರಾಯ್ರೇ.

ಮೆಷಿನ್ನಿಗೆ ದುಡ್ಡಿಲ್ಲದವರಿಗೆ ವಾಟ್ಸಾಪ್ ಇದೆ. ನಿಂಬೆರಸಕ್ಕೆ ಅಡಿಗೆ ಸೋಡಾ ಹಾಕಿ ಬರಿಹೊಟ್ಟೆಗೆ ಕುಡಿಯಿರಿ. ಗ್ಲಾಸಲ್ಲಿ ಬುಸ್ ಅನ್ನುತ್ತದೆ, ಒಂದು ದೊಡ್ಡ ತೇಗು ಬರುತ್ತದೆ, 'ವಿಷ ಹೊರಗೆ ಹೋಯ್ತು'. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಉಪ್ಪಿನಕಾಯಿ ಬಿಟ್ಟ ಬಿಪಿ ರೋಗಿ ಅದನ್ನು ಭಕ್ತಿಯಿಂದ ಕುಡಿಯುತ್ತಾನೆ.

ರಾತ್ರಿ ಹನ್ನೊಂದಕ್ಕೆ ಗೋಬಿ ಮಂಚೂರಿ ತಿಂದು ಎದೆ ಉರಿದರೆ ಅದು ನಿಜವಾದ ಅಸಿಡಿಟಿ. ಅಜ್ಜಿಯ ಮಜ್ಜಿಗೆ, ಜೀರಿಗೆ ಕಷಾಯದ ಮೇಲೆ ನನ್ನ ತಕರಾರಿಲ್ಲ. ಆದರೆ ಎದೆ ಹಿಂಡಿ, ಎಡಗೈ ಸೆಳೆದು, ಬೆವರು ಕಿತ್ತುಕೊಂಡು ಬರುವಾಗಲೂ 'ಸುಮ್ನೆ ಗ್ಯಾಸ್ಟ್ರಿಕ್' ಅಂತ ಸೋಡಾ ಕುಡಿಸಿ ಮಲಗಿಸುತ್ತಾರಲ್ಲ, ಅದು ಹಾರ್ಟ್ ಅಟ್ಯಾಕ್ ಇರಬಹುದು, ಅಲ್ಲಿ ನಗು ಬರುವುದಿಲ್ಲ.

ಅಮೆರಿಕದಲ್ಲಿ ಈ ಮತಕ್ಕೆ ರಾಬರ್ಟ್ ಯಂಗ್ ಎಂಬ ಗುರುವೇ ಇದ್ದ. ಕಾಯಿಲೆಗೆಲ್ಲ ಆಸಿಡ್ಡೇ ಕಾರಣ ಅಂತ ರೋಗಿಗಳ ರಕ್ತನಾಳಕ್ಕೆ ಅಡಿಗೆ ಸೋಡಾದ ಡ್ರಿಪ್ ಹಾಕಿಸುತ್ತಿದ್ದ. ಲೈಸೆನ್ಸ್ ಇಲ್ಲದೆ ವೈದ್ಯವೃತ್ತಿ ಮಾಡಿದ್ದಕ್ಕೆ 2016ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಅಪರಾಧಿಯಾದ, ಜೈಲಿಗೂ ಹೋದ. 2018ರಲ್ಲಿ ಕ್ಯಾನ್ಸರ್ ರೋಗಿಯೊಬ್ಬಳಿಗೆ 10.5 ಕೋಟಿ ಡಾಲರ್ ಕೊಡಬೇಕೆಂದು ಜ್ಯೂರಿ ಹೇಳಿತು. ಗುರು ಮುಳುಗಿದ, ಫಾರ್ವರ್ಡ್ ಮಾತ್ರ ತೇಲುತ್ತಿದೆ.

ಅಂದಹಾಗೆ, ಪಿಎಚ್ ಅಳತೆಯನ್ನು 1909ರಲ್ಲಿ ಕಂಡುಹಿಡಿದ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್‌ಸೆನ್ ಕೆಲಸ ಮಾಡುತ್ತಿದ್ದದ್ದು ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ. ಕ್ಲಬ್‌ಹೌಸಿನ ಹುಡುಗ ಇದನ್ನು ಹೇಳುವುದಿಲ್ಲ. ಹೇಳಿದ್ದರೆ ಗಂಡಸರಾದರೂ ಕೊನೆಯವರೆಗೆ ಕೂತು ಕೇಳುತ್ತಿದ್ದರು.