ಜನರಲ್ ಆದಮೇಲೆ ಅವನಿಗೆ ಕೆಲಸವೇ ಇರಲಿಲ್ಲ

ಕುದುರೆ ಪೊಲೀಸ್ ಅಂದ್ರೆ ಮೈಸೂರು ಕಡೆಯವರಿಗೆ ನೆನಪಾಗುವುದು ಜಂಬೂಸವಾರಿ. ಪೇಟ, ಮೈ ಹೊಳೆಯುವ ಕುದುರೆ, ನಾಲ್ಕು ಫೋಟೋ. ಅಷ್ಟೆ. ಅಂಥ ಒಬ್ಬ ಕುದುರೆ ಪೊಲೀಸ್ ಸೈನ್ಯದಲ್ಲಿ ಮೇಜರ್ ಜನರಲ್ ಆದ ಅಂತ ಕೇಳಿದರೆ "ಅಬ್ಬಾ, ಎಲ್ಲಿಂದ ಎಲ್ಲಿಗೆ ಹೋದ!" ಅನ್ನುತ್ತೇವೆ ಅಲ್ವಾ? ಕೆನಡಾದ ಸ್ಯಾಮ್ ಸ್ಟೀಲ್ ಬಗ್ಗೆ ಓದಲು ಶುರು ಮಾಡಿದಾಗ ನಾನೂ ಹಾಗೇ ಅಂದೆ. ಓದುತ್ತಾ ಹೋದಂತೆ ಲೆಕ್ಕ ಉಲ್ಟಾ ಆಯಿತು. ಈ ಮನುಷ್ಯನ ಪದವಿ ಮೇಲೆ ಹೋದಂತೆಲ್ಲ ಮಾಡುವ ಕೆಲಸ ಸಣ್ಣದಾಗುತ್ತಾ ಬಂತು.

ಸ್ಟೀಲ್ ಒಂಟಾರಿಯೊದವನು. 1873ರಲ್ಲಿ ಕೆನಡಾ ಸರ್ಕಾರ ಪಶ್ಚಿಮದ ಹುಲ್ಲುಗಾವಲಿಗೆಂದು ನಾರ್ತ್-ವೆಸ್ಟ್ ಮೌಂಟೆಡ್ ಪೊಲೀಸ್ ಕಟ್ಟಿತು. ಅದಕ್ಕೆ ಸೇರಿದ ಮೊದಲ ಕೆಲವರಲ್ಲಿ ಇವನೂ ಒಬ್ಬ. ಮೊದಲ ಕೆಲಸ ಏನು ಗೊತ್ತಾ? ಲೋಯರ್ ಫೋರ್ಟ್ ಗ್ಯಾರಿ ಎಂಬ ಕೋಟೆಯ ಹೆಪ್ಪುಗಟ್ಟುವ ಚಳಿಯಲ್ಲಿ ಕಾಡು ಕುದುರೆಗಳನ್ನು ಪಳಗಿಸುವುದು. ಜೊತೆಗೆ ಕುದುರೆ ಹತ್ತಲು ಬಾರದ ಹುಡುಗರನ್ನೂ ಪಳಗಿಸುವುದು. ಮುಂದಿನ ವರ್ಷ ಈ ಕೆಂಪು ಕೋಟಿನ ಪಡೆ ನೂರಾರು ಮೈಲಿ ಪಶ್ಚಿಮಕ್ಕೆ ಹೊರಟಿತು.

ನನಗೆ ತುಂಬ ಇಷ್ಟವಾದ ಸ್ಟೀಲ್ 1898ರವನು. ಕೆನಡಾದ ವಾಯುವ್ಯ ಮೂಲೆಯ ಯೂಕಾನ್‌ನಲ್ಲಿ ಚಿನ್ನ ಸಿಕ್ಕಿದೆ ಅಂತ ಸುದ್ದಿಯಾಗಿ ಸಾವಿರಾರು ಜನ ಮುಗಿಬಿದ್ದ ಕಾಲ. ಗುಮಾಸ್ತರು, ಅಂಗಡಿಯವರು, ಜೀವನದಲ್ಲಿ ಹಿಮ ಕಂಡಿರದವರು. ಹಿಂದಿನ ಚಳಿಗಾಲದಲ್ಲೇ ಚಿನ್ನ ಹುಡುಕುವವರು ಸೇರುತ್ತಿದ್ದ ಡಾಸನ್ ಊರಲ್ಲಿ ಊಟಕ್ಕೆ ತತ್ವಾರ ಆಗಿತ್ತು. ಹಾಗಾಗಿ ಅಲ್ಲಿಗೆ ಹೋಗುವ ಚಿಲ್ಕೂಟ್ ಮತ್ತು ವೈಟ್ ಪಾಸ್ ಬೆಟ್ಟದ ದಾರಿಗಳ ತುದಿಯಲ್ಲಿ ಸ್ಟೀಲ್ ಕೈಕೆಳಗಿನ ಪೊಲೀಸರು ನಿಂತರು. ಒಂದು ವರ್ಷಕ್ಕೆ ಸಾಲುವಷ್ಟು ದಿನಸಿ ಇಲ್ಲದವರಿಗೆ ಒಳಗೆ ಪ್ರವೇಶ ಇಲ್ಲ. ದಿನಸಿ, ಡೇರೆ, ಸಲಕರಣೆ ಎಲ್ಲ ಸೇರಿ ಒಬ್ಬೊಬ್ಬನಿಗೆ ಸುಮಾರು ಒಂದು ಟನ್. ಬೆನ್ನ ಮೇಲೆ ಹಿಡಿಯುವಷ್ಟು ಹೊತ್ತು ಹತ್ತಬೇಕು, ಇಳಿಸಿ ಬರಬೇಕು, ಮತ್ತೆ ಹತ್ತಬೇಕು. ಹೀಗೆ ಹತ್ತಾರು ಸಲ. ಎಷ್ಟು ಬೈದುಕೊಂಡಿರಬೇಡ ಜನ! ಆದರೆ ಹಸಿವಿನಿಂದ ಸಾಯಲಿಲ್ಲ.

ಅದಕ್ಕಿಂತ ದೊಡ್ಡದು ನದಿಯ ಕಥೆ. ಬೆಟ್ಟ ದಾಟಿದವರು ಬೆನೆಟ್ ಸರೋವರದಿಂದ ನದಿ ಹಿಡಿದು ಡಾಸನ್ ಸೇರಬೇಕಿತ್ತು. ಮೇ ಕೊನೆಗೆ ಸರೋವರದ ಮಂಜುಗಡ್ಡೆ ಒಡೆಯಿತು. 7000ಕ್ಕೂ ಹೆಚ್ಚು ದೋಣಿಗಳು ಒಟ್ಟಿಗೇ ಹೊರಟವು. ಎಲ್ಲವೂ ಅಲ್ಲೇ ಮರ ಕಡಿದು ಸ್ವಂತ ಕೈಯಲ್ಲಿ ಮಾಡಿಕೊಂಡವು. ಮುಂದೆ ಮೈಲ್ಸ್ ಕಣಿವೆ, ಆಮೇಲೆ ವೈಟ್ ಹಾರ್ಸ್ ಎಂಬ ಭಯಂಕರ ಸೆಳವು. ಮೊದಲ ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ದೋಣಿ ಚೂರಾದವು. ಕೆಲವರು ಮುಳುಗಿ ಸತ್ತರು. ಸ್ಟೀಲ್ ದಡಕ್ಕೆ ಬಂದು ಜನ ಸೇರಿಸಿದ. ಮೌಂಟೆಡ್ ಪೊಲೀಸರು ಹೋದಹೋದಲ್ಲಿ ಕಾನೂನು ಮಾಡಿಕೊಳ್ಳುತ್ತಾರೆ ಅಂತ ಅಮೆರಿಕದವರು ಆಡಿಕೊಳ್ಳುತ್ತೀರಲ್ಲ, ಈಗ ನಿಮ್ಮ ಒಳ್ಳೆಯದಕ್ಕೇ ಹಾಗೆ ಮಾಡುತ್ತೇನೆ ಅಂದ. ಹೆಂಗಸರು ಮಕ್ಕಳು ದೋಣಿಯಲ್ಲಿ ಕೂರುವಂತಿಲ್ಲ, ದಡದ ಮೇಲೆ ನಡೆದು ಹೋಗಬೇಕು. ದೋಣಿ ಗಟ್ಟಿ ಇದೆ ಅಂತ ಪೊಲೀಸರು ಒಪ್ಪಬೇಕು. ಚುಕ್ಕಾಣಿ ಹಿಡಿಯುವವನಿಗೆ ಕೆಲಸ ಗೊತ್ತಿರಬೇಕು. ಮೀರಿದರೆ 100 ಡಾಲರ್ ದಂಡ.

ಈ ಯಾವ ನಿಯಮಕ್ಕೂ ಕಾನೂನಿನ ಬಲ ಇರಲಿಲ್ಲ. ಸಾವು ಮಾತ್ರ ಹೆಚ್ಚುಕಡಿಮೆ ನಿಂತೇಹೋಯಿತು. ಅಧಿಕಾರ ಇಲ್ಲದ ಅಧಿಕಾರಿ ಆದೇಶ ಮಾಡುವುದು ನನಗೆ ಸಾಮಾನ್ಯವಾಗಿ ಇಷ್ಟವಾಗುವುದಿಲ್ಲ. ಇಲ್ಲಿ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇನೆ.

ಹಾಗಂತ ಇವನನ್ನು ದೇವರು ಮಾಡಲು ನಾನು ತಯಾರಿಲ್ಲ. 1885ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲ್ವೆ ಕೂಲಿಯವರಿಗೆ ಸಂಬಳ ಕೊಡದೆ ಸತಾಯಿಸಿತು. ಅವರು ಬೀವರ್ ನದಿಯ ಹತ್ತಿರ ಕೆಲಸ ನಿಲ್ಲಿಸಿದರು. ಜ್ವರದಲ್ಲಿ ಮಲಗಿದ್ದ ಸ್ಟೀಲ್ ಎದ್ದು, ಬಂದೂಕು ಹಿಡಿದು ಸೇತುವೆಯ ಮೇಲೆ ನಿಂತು ಗುಂಪನ್ನು ಚದುರಿಸಿದ. ಆತ್ಮಕಥೆಯಲ್ಲಿ ಇದನ್ನು ಭಾರಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ (ತನ್ನ ಬಗ್ಗೆ ಹೇಳಿಕೊಳ್ಳಲು ಅವನಿಗೆ ಸಂಕೋಚ ಕಡಿಮೆ). ಧೈರ್ಯ ನಿಜ. ಆದರೆ ತಪ್ಪು ಯಾರದು? ಸಂಬಳ ಕೇಳಿದವರದಾ? ಅದೇ ವರ್ಷ ಬಿಗ್ ಬೇರ್ ಎಂಬ ಕ್ರೀ ಬುಡಕಟ್ಟಿನ ನಾಯಕನ ಬೆನ್ನಟ್ಟಿದ ದಳದ ಮುಂದೆಯೂ ಇವನೇ ಇದ್ದ. ಕಾಡೆಮ್ಮೆ ಮುಗಿದುಹೋಗಿ ಹೊಟ್ಟೆಗಿಲ್ಲದೆ ಕಂಗೆಟ್ಟಿದ್ದ ಜನ ಅವರು. ಈ ಪುಟಗಳನ್ನು ಹಾರಿಸಿ ಓದಬಾರದು. ಇದರ ಪಕ್ಕಕ್ಕೇ ಇನ್ನೊಂದು ಪುಟವೂ ಇದೆ. 1887ರಲ್ಲಿ ಪಶ್ಚಿಮ ಕೆನಡಾದ ಕೂಟ್ನಿ ಪ್ರದೇಶದಲ್ಲಿ ಕೊಲೆ ಆರೋಪ ಹೊತ್ತ ಇಬ್ಬರು ಮೂಲನಿವಾಸಿಗಳ ವಿಚಾರಣೆ ಇವನ ಮುಂದೆ ಬಂತು. ಸಾಕ್ಷಿ ಇಲ್ಲ ಅಂತ ಬಿಟ್ಟುಬಿಟ್ಟ. ಅಲ್ಲಿನ ಊರಿಗೆ ಫೋರ್ಟ್ ಸ್ಟೀಲ್ ಅಂತ ಹೆಸರು ಬಂದದ್ದು ಆಮೇಲೆ.

1899ರಲ್ಲಿ ರಾಜಧಾನಿ ಒಟ್ಟಾವದ ರಾಜಕೀಯ ಅವನನ್ನು ಡಾಸನ್‌ನಿಂದ ಎತ್ತಂಗಡಿ ಮಾಡಿತು. ಊರವರು ಬೇಡ ಅಂದರೂ ಕೇಳಲಿಲ್ಲ. ಮುಂದಿನ ವರ್ಷ ಲಾರ್ಡ್ ಸ್ಟ್ರಾತ್‌ಕೋನಾ ತನ್ನ ದುಡ್ಡಿನಲ್ಲಿ ಕಟ್ಟಿಸಿದ ಕುದುರೆ ದಳದ ಮುಖ್ಯಸ್ಥನಾಗಿ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರು ಡಚ್ ಮೂಲದ ಬೋಯರ್ ಜನರ ಜೊತೆ ನಡೆಸುತ್ತಿದ್ದ ಯುದ್ಧಕ್ಕೆ ಹೋದ. ಯುದ್ಧ ಮುಗಿದ ಮೇಲೂ ಅಲ್ಲಿ ಕೆಲವು ವರ್ಷ ಮತ್ತೆ ಪೊಲೀಸ್ ಕೆಲಸವೇ.

ಕೊನೆಗೆ ಮೊದಲ ಮಹಾಯುದ್ಧ. ವಯಸ್ಸು 65 ದಾಟಿತ್ತು. ಮೇಜರ್ ಜನರಲ್ ಪದವಿ ಸಿಕ್ಕಿತು, ಕೆನಡಾದ 2ನೇ ಡಿವಿಷನ್ ಕೈಗೆ ಬಂತು. ಆದರೆ ಬ್ರಿಟನ್ನಿನ ಯುದ್ಧ ಮಂತ್ರಿ ಕಿಚನರ್ ಒಪ್ಪಲಿಲ್ಲ. ವಯಸ್ಸಾಯಿತು, ಫ್ರಾನ್ಸಿಗೆ ಬೇಡ ಅಂದ. ಇಂಗ್ಲೆಂಡಿನವರೆಗೆ ಪಡೆಯನ್ನು ಕರೆತಂದು ರಿಚರ್ಡ್ ಟರ್ನರ್ ಎಂಬ ಇನ್ನೊಬ್ಬ ಕೆನಡಾದ ಅಧಿಕಾರಿಯ ಕೈಗೆ ಒಪ್ಪಿಸಿದ. ಇವನಿಗೆ ಸಿಕ್ಕಿದ್ದು ಇಂಗ್ಲೆಂಡಿನಲ್ಲೇ ಇದ್ದ ಸೈನ್ಯದ ಶಿಬಿರ ಶಾರ್ನ್‌ಕ್ಲಿಫ್ ಸುತ್ತಲಿನ ಜಿಲ್ಲೆಯ ಉಸ್ತುವಾರಿ. ಅಲ್ಲೂ ಕೆನಡಾದ ಮಂತ್ರಿಗಳು, ಬ್ರಿಟಿಷ್ ಅಧಿಕಾರಿಗಳು, ಯಾರ ಮಾತು ನಡೆಯಬೇಕು ಅಂತ ಜಗಳ. ನದಿ ದಡದಲ್ಲಿ ಒಂದೇ ಮಾತಿಗೆ ಸಾವಿರಾರು ದೋಣಿ ನಿಲ್ಲಿಸಿದವನು ಇಲ್ಲಿ ಕಾಗದ ಬರೆಯುತ್ತಾ ಕೂತ. ಎಷ್ಟೋ ಸಲ ನಮ್ಮ ಆಫೀಸುಗಳಲ್ಲೂ ಇದೇ ಕಥೆ. ಒಳ್ಳೆ ಕೆಲಸಗಾರನಿಗೆ ಬಡ್ತಿ ಕೊಟ್ಟು ಕುರ್ಚಿಗೆ ಕಟ್ಟಿಹಾಕುತ್ತೇವೆ.

1918ರಲ್ಲಿ ಸರ್ ಪದವಿ ಬಂತು, ಅದೇ ವರ್ಷ ನಿವೃತ್ತಿ. 1919ರ ಜನವರಿಯಲ್ಲಿ ಲಂಡನ್‌ನಲ್ಲಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡ. ದೇಹವನ್ನು ಕೆನಡಾಕ್ಕೆ ತಂದು ವಿನ್ನಿಪೆಗ್‌ನಲ್ಲಿ ಮಣ್ಣು ಮಾಡಿದರು. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿದೆ ಲೋಯರ್ ಫೋರ್ಟ್ ಗ್ಯಾರಿ, ಅವನು ಕುದುರೆ ಪಳಗಿಸಿದ ಜಾಗ.