ಹೆದರಿದ ನಾಯಿಗೆ ತಿಂಡಿ ಕೊಟ್ಟರೆ ಭಯ ಜಾಸ್ತಿಯಾಗಲ್ಲ: ಒಂದು ಸ್ಪಷ್ಟನೆ

"ಪಟಾಕಿಗೆ ಹೆದರಿದ ನಾಯಿಯನ್ನು ಮುದ್ದಿಸಬೇಡಿ, ತಿಂಡಿ ಕೊಡಬೇಡಿ, ಕೊಟ್ಟರೆ ಹೆದರುವುದೇ ಅಭ್ಯಾಸವಾಗುತ್ತದೆ" ಎಂಬ ಸಂದೇಶ ದೀಪಾವಳಿ ಹತ್ತಿರ ಬಂದಾಗ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಇದು ತಪ್ಪು.

ಕೂರು ಅಂದಾಗ ಕೂತರೆ ತಿಂಡಿ ಸಿಗುತ್ತದೆ ಎಂದು ನಾಯಿ ಕಲಿಯುತ್ತದೆ, ನಿಜ. ಆದರೆ ಭಯ ಅದು ಬೇಕೆಂದು ಮಾಡುವ ಕೆಲಸವಲ್ಲ. ತಿಂಡಿ ಆಸೆಗೆ ಯಾವ ನಾಯಿಯೂ ಮಂಚದ ಕೆಳಗೆ ನಡುಗುತ್ತಾ ಕೂರುವುದಿಲ್ಲ, ಅಲ್ವಾ? ಢಂ ಎಂದ ತಕ್ಷಣ ಬೇಯಿಸಿದ ಕೋಳಿಯ ಒಂದು ಚೂರು ಹಾಕಿ. ಸದ್ದು ಮೊದಲು, ತಿಂಡಿ ಆಮೇಲೆ. ಈ ಕ್ರಮ ತಪ್ಪಬಾರದು. ಮತ್ತೆ ಮತ್ತೆ ಹೀಗಾದರೆ, ಸದ್ದಾದ ಮೇಲೆ ಒಳ್ಳೆಯದೇನೋ ಬರುತ್ತದೆ ಎಂದು ನಾಯಿಯ ಮನಸ್ಸಿಗೆ ನಾಟುತ್ತದೆ. ಚೂರನ್ನು ಮೂಸಿಯೂ ನೋಡದಿದ್ದರೆ ಭಯ ಮಿತಿ ಮೀರಿದೆ ಎಂದರ್ಥ. ಆಗ ಬಲವಂತ ಬೇಡ. ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಸುಮ್ನೆ ಪಕ್ಕದಲ್ಲಿರಿ. ತಾನಾಗಿ ಹತ್ತಿರ ಬಂದರೆ ಧಾರಾಳವಾಗಿ ಮೈ ಸವರಿ.

ಬೈದು, ಕತ್ತುಪಟ್ಟಿ ಹಿಡಿದು ಆಚೆ ಎಳೆದರೆ ನಾಯಿ ಸುಮ್ಮನಾಗಬಹುದು, ಹೆದರಿಕೆ ಹೋಗುವುದಿಲ್ಲ. ಅಮೆರಿಕದ ಪ್ರಾಣಿವರ್ತನೆ ಪಶುವೈದ್ಯರ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನೇ ಶಿಫಾರಸು ಮಾಡಿದೆ. ವಿಪರೀತ ಹೆದರುವ ನಾಯಿಯಿದ್ದರೆ ಹಬ್ಬಕ್ಕೆ ಮುಂಚೆಯೇ ಪಶುವೈದ್ಯರನ್ನು ಕಾಣಿ; ಅದಕ್ಕೆ ಔಷಧಿಯೂ ಇದೆ.